ವಂಡೂರಿಗೆ ಹೊರಟ ಮಗಳಿಗೆ

ಪುಟ್ಟಿ,

ಭಾನುವಾರ ರಾತ್ರಿ ಫೋನಿನಲ್ಲಿ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಕೆದಕುವುದಿಲ್ಲ. ನಾಡಿದ್ದು ನೀನು ಕಡಲ ಹವಳದ ಕೆಲಸಕ್ಕೆ ಅಂತ ಅಂಡಮಾನಿನ ವಂಡೂರಿಗೆ ಹೊರಡುತ್ತೀಯ. ಎದುರಿಗೆ ಕೂತರೆ ಮತ್ತೆ ಕೂಗಾಡಿಬಿಡುತ್ತೇನೆ. ಅದಕ್ಕೇ ಈ ಕಾಗದ.

ನನಗೆ ಅಲ್ಲಿನ ಜಾಲಿಬಾಯ್ ದ್ವೀಪ ಬಿಟ್ಟು ಬೇರೇನೂ ನೆನಪಾಗುತ್ತಿಲ್ಲ. 2008ರ ಡಿಸೆಂಬರ್. ನಿನಗೆ ಎಂಟು ವರ್ಷ. ವಂಡೂರಿನ ಜೆಟ್ಟಿಯಲ್ಲಿ ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ಎಲ್ಲ ತೆಗೆಸಿದ್ದರು, ಚಕ್ಕುಲಿಯ ಕವರ್ ಕೂಡ. ದ್ವೀಪಕ್ಕೆ ಇಳಿದದ್ದೇ ತಡ, ನೀನು ಮಾಸ್ಕ್ ಹಾಕಿಕೊಂಡು ನೀರಿಗೆ ಮುಖ ಇಟ್ಟೆ. ನಾನು ಪಕ್ಕದಲ್ಲೇ ಮೊಣಕಾಲು ನೀರಿನಲ್ಲಿ ನಿಂತಿದ್ದೆ. ಅಮ್ಮ ಏನೋ ಕೇಳಿದಳು, ತಿರುಗಿದೆ. ಮತ್ತೆ ಈ ಕಡೆ ನೋಡಿದರೆ ನೀನಿಲ್ಲ.

ಅಮ್ಮ ಒಂದು ನಿಮಿಷ ಅನ್ನುತ್ತಾಳೆ. ಒಂದು ನಿಮಿಷ ಅಲ್ಲ ಪುಟ್ಟಿ, ಜಾಸ್ತಿ. ನೀರು ಎಷ್ಟು ತಿಳಿ ಅಂದರೆ ನನ್ನ ಕಾಲಿನ ಉಗುರು ಕಾಣುತ್ತಿತ್ತು. ನೀನು ಕಾಣುತ್ತಿರಲಿಲ್ಲ. ನಾವು ಮಲೆನಾಡಿನವರು. ಹೊಳೆಯಲ್ಲಿ ಎಲ್ಲಿ ಗುಂಡಿ, ಎಲ್ಲಿ ಸೆಳೆತ ಅಂತ ಗೊತ್ತು. ಕಡಲು ಗೊತ್ತಿಲ್ಲ. ಹತ್ತು ಮಾರು ಆಚೆ ನೀನು ನಗುತ್ತಾ ಎದ್ದೆ. ಮುಷ್ಟಿಯಲ್ಲಿ ಕಿರುಬೆರಳಿನಷ್ಟು ಬಿಳಿ ಹವಳದ ತುಂಡು. ನಾನು ಎಲ್ಲರೆದುರು ನಿನಗೆ ಹೊಡೆದೆ. 'ಇಲ್ಲಿಂದ ಏನೂ ತೆಗೀಬಾರದು ಅಂತ ಹೇಳಿಲ್ವಾ' ಅಂದೆ. ಸುಳ್ಳು. ಹವಳಕ್ಕಾಗಿ ಹೊಡೆದದ್ದಲ್ಲ, ನನ್ನ ಕೈಕಾಲು ನಡುಗುತ್ತಿತ್ತು. ನೀನು ಅಳುತ್ತಲೇ ವಾಪಸ್ ಹೋಗಿ ಅದನ್ನು ನೀರಲ್ಲಿ ಇಟ್ಟು ಬಂದೆ. ಎಸೆಯಲಿಲ್ಲ, ಬಗ್ಗಿ ಇಟ್ಟೆ. ಒದ್ದೆ ಕೆನ್ನೆಯ ಮೇಲೆ ನನ್ನ ಬೆರಳಚ್ಚು ಕೆಂಪಗಿತ್ತು.

ತಪ್ಪಾಯಿತು ಪುಟ್ಟಿ. ಇಷ್ಟು ವರ್ಷ ಹೇಳಿರಲಿಲ್ಲ. ಭಾನುವಾರದ್ದಕ್ಕೂ ಸೇರಿಸಿ ಹೇಳುತ್ತಿದ್ದೇನೆ.

ಹವಳ ಕಲ್ಲಲ್ಲ, ಜೀವ ಅಂತ ನನಗೆ ಕಲಿಸಿದ್ದು ನೀನು. ನಾವು ಹೋಗಿ ಬಂದ ಎರಡೇ ವರ್ಷಕ್ಕೆ, 2010ರಲ್ಲಿ, ಕಡಲು ಬಿಸಿಯಾಗಿ ಅಂಡಮಾನಿನ ಹವಳ ಬೆಳ್ಳಗಾಯಿತಂತಲ್ಲ. ಒಳಗಿರುವ ಪಾಚಿ ಬಿಟ್ಟುಹೋದರೆ ಬಣ್ಣವೂ ಹೋಗುತ್ತದೆ, ಊಟವೂ ಹೋಗುತ್ತದೆ ಅಂತ ನೀನು ಹೇಳಿದ್ದನ್ನು ಅಡಿಕೆ ಮಂಡಿಯಲ್ಲಿ ಎಲ್ಲರಿಗೂ ಹೇಳುತ್ತೇನೆ. ನನ್ನ ಮಗಳು ಹೇಳಿದ್ದು ಅಂತಲೇ ಹೇಳುತ್ತೇನೆ.

ಉಪದೇಶ ಬೇಡ ಅಂದುಕೊಂಡೇ ಬರೆಯಲು ಕೂತೆ. ಆದರೂ ಇದಿಷ್ಟು ಕೇಳು. ಒಬ್ಬಳೇ ನೀರಿಗೆ ಇಳಿಯಬೇಡ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಕೊಲ್ಲಿಗಳಲ್ಲಿ ಮೊಸಳೆ ಇವೆ, ವಂಡೂರಿನ ದಡದಲ್ಲೇ ಬೋರ್ಡ್ ಹಾಕಿದ್ದಾರೆ, ಓದಿದ್ದೀಯ. ಕಾಡಿನ ಕಾಲುದಾರಿಗೆ ಹೋದರೆ ನಾಲ್ಕು ಗಂಟೆಗೆ ತಿರುಗಿಬಿಡು. ಚಳಿಗಾಲದಲ್ಲಿ ಅಲ್ಲಿ ಐದೂವರೆಗೆಲ್ಲ ಕತ್ತಲು, ನಮ್ಮೂರಿನ ಲೆಕ್ಕ ಹಿಡಿಯಬೇಡ. ಮರಳುನೊಣ ಕಚ್ಚಿದರೆ ಕೆರೆಯಬೇಡ, ಹುಣ್ಣಾಗುತ್ತದೆ. ಬೋಟಿನವರು ಇವತ್ತು ಬೇಡ ಅಂದರೆ ಬೇಡ. ಅವರ ಹತ್ತಿರ ವಾದ ಮಾಡಬೇಡ. ವಾದ ಮಾಡಲು ನಾನಿದ್ದೇನೆ.

ಚಟ್ನಿಪುಡಿಯನ್ನು ಅಮ್ಮ ಸ್ಟೀಲ್ ಡಬ್ಬಿಗೆ ಹಾಕಿದ್ದಾಳೆ. ನೀರಿನ ಬಾಟಲಿಯೂ ಸ್ಟೀಲಿನದೇ ತಂದಿದ್ದೇನೆ. ಬ್ಯಾಗಿನ ಸೈಡ್ ಜೇಬಿನಲ್ಲಿ ಒಂದು ಸೀಟಿ ಇದೆ, ತೆಗೆದಿಡಬೇಡ, ಇರಲಿ.

ವಿಮಾನ ಇಳಿದ ಕೂಡಲೇ ಫೋನ್ ಮಾಡು. ಅಮ್ಮನಿಗಲ್ಲ, ಈ ಸಲ ನನಗೆ ಮಾಡು.

ನಿನ್ನ ಅಪ್ಪ