ಕೊಪ್ಪಳದ ಸಂಸದರಿಗೆ ಸೊರೊಟಿಯಿಂದ ಒಂದು ಕಾಗದ: ಆ ಪಂಪು ನಮ್ಮದೇ

ಮಾನ್ಯ ಸಂಸದರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದವನೇ, ಕುಷ್ಟಗಿ ತಾಲ್ಲೂಕು. ಆರು ವರ್ಷದಿಂದ ಪೂರ್ವ ಉಗಾಂಡದ ಸೊರೊಟಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯುತ್ತಿದ್ದೇನೆ. ಊರ ನಡುವೆ ದೊಡ್ಡ ಬಂಡೆ ಇದೆ. ಬಂದ ದಿನ ಅದನ್ನು ನೋಡಿ ನಮ್ಮ ಕಡೆಯೇ ಎಲ್ಲೋ ಇದ್ದೇನೆ ಅನ್ನಿಸಿತ್ತು. ಇಲ್ಲಿನ ಟೆಸೊ ಜನ ಎದುರು ಸಿಕ್ಕರೆ 'ಯೋಗಾ' ಅನ್ನುತ್ತಾರೆ. ಅದು ಅವರ ನಮಸ್ಕಾರ, ನಮ್ಮ ಯೋಗಾಸನಕ್ಕೂ ಅದಕ್ಕೂ ಸಂಬಂಧವಿಲ್ಲ!

ನಮ್ಮ ಅಂಗಡಿಗೆ ಶನಿವಾರ ಒಬ್ಬ ಪಾಸ್ಟರ್ ಬರುತ್ತಾರೆ. ಬೋಡಾ ಬೋಡಾ ಎಂಬ ಬಾಡಿಗೆ ಬೈಕಿನ ಹಿಂದೆ ಕೂತು, ತೊಡೆಯ ಮೇಲೆ ತುಕ್ಕು ಹಿಡಿದ ಯಾವುದೋ ಸಾಮಾನು ಇಟ್ಟುಕೊಂಡು. ಬೈಬಲ್ಲಿಗಿಂತ ಸ್ಪ್ಯಾನರ್ ಹಿಡಿದದ್ದೇ ನಾನು ಜಾಸ್ತಿ ನೋಡಿದ್ದು. ಕೆಟ್ಟು ನಿಂತ ಕೈಪಂಪುಗಳ ರಿಪೇರಿಗೆಂದು ವಾಷರ್, ಬೇರಿಂಗ್, ಚೈನ್, ರಾಡ್ ಕೊಳ್ಳುತ್ತಾರೆ. ಚೌಕಾಸಿ ಮಾಡುತ್ತಾರೆ. ರಸೀದಿ ಇಲ್ಲದೆ ಹೋಗುವುದಿಲ್ಲ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಆ ರಸೀದಿಯನ್ನು ಚರ್ಚಿನ ಗೋಡೆಗೆ ಅಂಟಿಸುತ್ತಾರೆ. ದೇವರ ಕಾಣಿಕೆಯ ಡಬ್ಬಿ ಬೇರೆ, ಪಂಪಿನ ಡಬ್ಬಿ ಬೇರೆ. ಪಂಪಿಗೆ ತಿಂಗಳಿಗೆ ಮನೆಗೊಂದು ಸಾವಿರ ಶಿಲ್ಲಿಂಗ್, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಇಪ್ಪತ್ತೈದು ರೂಪಾಯಿ. ಅವರ ಚರ್ಚಿಗೆ ಬರದವರೂ ಕೊಡುತ್ತಾರೆ, ಏಕೆಂದರೆ ಲೆಕ್ಕ ಗೋಡೆಯ ಮೇಲಿದೆ.

ಹೊಸ ಬೋರ್ ಕೊರೆಸುವುದು ಅವರ ಕೆಲಸವಲ್ಲ. ಅದಕ್ಕೆ ಹೊರದೇಶದಿಂದ ಬರುವವರಿದ್ದಾರೆ. ಕೊರೆಸಿ, ಬೋರ್ಡು ಹಾಕಿ, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಎರಡು ವರ್ಷಕ್ಕೆ ವಾಷರ್ ಸವೆಯುತ್ತದೆ. ಆಮೇಲೆ ಹಳದಿ ಕ್ಯಾನು ಹೊತ್ತ ಹೆಣ್ಣುಮಕ್ಕಳು ಮತ್ತೆ ಜೌಗಿನ ನೀರಿಗೇ ನಡೆಯುತ್ತಾರೆ. ಸಹಾರಾದಿಂದ ದಕ್ಷಿಣದ ಆಫ್ರಿಕಾದಲ್ಲಿ ಯಾವ ಹೊತ್ತಿಗೆ ನೋಡಿದರೂ ನಾಲ್ಕು ಕೈಪಂಪಿನಲ್ಲಿ ಒಂದಾದರೂ ಕೆಟ್ಟು ನಿಂತಿರುತ್ತದೆ ಎಂಬ ಅಂದಾಜಿದೆ. ಈ ಪಾಸ್ಟರ್ ಹುಡುಕಿಕೊಂಡು ಹೋಗುವುದು ಅಂಥ ನಾಲ್ಕನೆಯ ಪಂಪನ್ನು.

ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ಆ ಪಂಪು ನಮ್ಮದು. ಇಲ್ಲಿ ಯು2 ಅನ್ನುತ್ತಾರೆ, ಅಸಲು ಹೆಸರು ಇಂಡಿಯಾ ಮಾರ್ಕ್ 2. ನಮ್ಮೂರ ಶಾಲೆಯ ಮುಂದಿದ್ದ ಬೋರಿಂಗ್ ಅದೇ, ನಿಮ್ಮೂರಲ್ಲೂ ಇದ್ದಿರುತ್ತದೆ. ಅದರ ಕತೆ ನಮ್ಮ ನೆರೆಯ ಸೊಲ್ಲಾಪುರ, ಜಾಲ್ನಾದ ಕಡೆ ಶುರುವಾದದ್ದು. ಬರದ ಕಾಲದಲ್ಲಿ ಅಲ್ಲಿನ ಕ್ರೈಸ್ತ ಮಿಷನ್‌ಗಳವರು ಬೋರ್ ಕೊರೆಸುತ್ತಿದ್ದರು. ಒಂದು ಮನೆಗೆಂದು ಮಾಡಿದ ಎರಕದ ಕಬ್ಬಿಣದ ಪಂಪನ್ನು ಇಡೀ ಊರು ಹೊಡೆದರೆ ತಡೆಯುತ್ತದೆಯೇ? 1974ರಲ್ಲಿ ಯುನಿಸೆಫ್‌ನವರು ನೋಡಿದಾಗ ಮುಕ್ಕಾಲು ಪಾಲು ಪಂಪು ಕೆಟ್ಟಿದ್ದವು. ಮಿಷನ್‌ನವರು ಉಕ್ಕಿನಲ್ಲಿ ಕಟ್ಟಿಕೊಂಡಿದ್ದ ಪಂಪು ಮಾತ್ರ ಗಟ್ಟಿಯಾಗಿತ್ತು. ಅದನ್ನೇ ತಿದ್ದಿ, ಕೊಯಮತ್ತೂರಿನ ಹಳ್ಳಿಗಳಲ್ಲಿ ಪರೀಕ್ಷೆ ಮಾಡಿ, ಮಾರ್ಕ್ 2 ಮಾಡಿದರು. ಅಂದರೆ ಈ ಪಂಪಿನ ಹಿಂದೆ ಮೊದಲಿನಿಂದಲೂ ಚರ್ಚಿನವರ ಕೈ ಇದೆ. ಇದನ್ನು ಹೇಳಿದಾಗ ನಮ್ಮ ಪಾಸ್ಟರ್ ನಕ್ಕು, ಹಾಗಾದರೆ ವಾಷರ್ ಕಮ್ಮಿ ರೇಟಿಗೆ ಕೊಡು ಅಂದರು.

ಪಂಪಿನದೇ ಒಂದು ತೊಂದರೆ ಇದೆ. ಮಾರ್ಕ್ 2ರಲ್ಲಿ ಕೆಳಗಿನ ವಾಷರ್ ಬದಲಿಸಬೇಕಾದರೆ ಅಷ್ಟೂ ಪೈಪು ಮೇಲೆತ್ತಬೇಕು. ನಲವತ್ತು ಮೀಟರ್ ಆಳವಿದ್ದರೆ ಮೂರು ಮೀಟರಿನ ಹದಿಮೂರು ಕಬ್ಬಿಣದ ಪೈಪು, ಐದಾರು ಜನ, ಅರ್ಧ ದಿನ. ಈ ತಾಪತ್ರಯ ತಪ್ಪಿಸಲೆಂದೇ ಮಾರ್ಕ್ 3 ಬಂತು. ಅದರಲ್ಲಿ ಪೈಪು ಅಲ್ಲಾಡಿಸದೆ ಪಿಸ್ಟನ್ ಹೊರಗೆ ತೆಗೆಯಬಹುದು. ಇನ್ನೊಂದು, ಉಗಾಂಡದ ಎಷ್ಟೋ ಕಡೆ ಅಂತರ್ಜಲಕ್ಕೆ ಹುಳಿಗುಣ ಇದೆ. ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪನ್ನು ತಿಂದುಹಾಕುತ್ತದೆ. ನೀರು ಕೆಂಪಗೆ ಬರುತ್ತದೆ, ಬಟ್ಟೆ ಕಲೆಯಾಗುತ್ತದೆ, ಚಹಾ ಕಪ್ಪಾಗುತ್ತದೆ. ಜನ ಆ ನೀರು ಬಿಟ್ಟು ಕೆರೆಗೆ ಹೋಗುತ್ತಾರೆ. ಸ್ಟೇನ್‌ಲೆಸ್ ಪೈಪು ಹಾಕಿದರೆ ಸರಿ, ಆದರೆ ದುಬಾರಿ.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾವು ಮಾರುವ ಮಾಲೆಲ್ಲ ಒಳ್ಳೆಯದಲ್ಲ. ಭಾರತದಿಂದ ಅಂತ ಹೇಳಿ ಬರುವ ಅಗ್ಗದ ಚೈನು, ಬೇರಿಂಗು ಒಂದು ವರ್ಷವೂ ಬಾಳುವುದಿಲ್ಲ. ಕೈಪಂಪಿಗೆ ನಮ್ಮಲ್ಲಿ ಐಎಸ್ 15500 ಎಂಬ ಮಾನದಂಡವೇ ಇದೆ. ಅದನ್ನು ಹಡಗು ಹತ್ತುವ ಮೊದಲು ನೋಡಬೇಕಲ್ವಾ?

2018ರಲ್ಲಿ ಪ್ರಧಾನಿ ಕಂಪಾಲಾಕ್ಕೆ ಬಂದಾಗ ಉಗಾಂಡಕ್ಕೆ ವಿದ್ಯುತ್ತಿಗೆ 14.1 ಕೋಟಿ ಡಾಲರ್, ಕೃಷಿ ಮತ್ತು ಹೈನುಗಾರಿಕೆಗೆ 6.4 ಕೋಟಿ ಡಾಲರ್ ಸಾಲ ಘೋಷಿಸಿದರು. ಕುಡಿಯುವ ನೀರು ಅದರಲ್ಲಿರಲಿಲ್ಲ. ಪಕ್ಕದ ಟಾಂಜಾನಿಯಾದ ಪಟ್ಟಣಗಳ ನೀರಿಗೆ ಭಾರತ 50 ಕೋಟಿ ಡಾಲರ್ ಸಾಲ ಕೊಟ್ಟಿದೆ, ಒಳ್ಳೆಯದೇ. ನಾನು ಕೇಳುತ್ತಿರುವುದಕ್ಕೆ ಅಷ್ಟು ದುಡ್ಡು ಬೇಡ.

ಲೋಕಸಭೆಯ ಪ್ರಶ್ನೋತ್ತರದಲ್ಲಿ ವಿದೇಶಾಂಗ ಸಚಿವರಿಗೆ ಒಂದು ಪ್ರಶ್ನೆ ಹಾಕಿ. ಬೇರೆ ದೇಶದವರಿಗೆಂದು ಭಾರತ ಸರ್ಕಾರ 1964ರಿಂದ ನಡೆಸುತ್ತಿರುವ ಐಟೆಕ್ ತರಬೇತಿಗೆ ಹೆಚ್ಚಾಗಿ ಕಚೇರಿಯ ಅಧಿಕಾರಿಗಳೇ ಬಂದುಹೋಗುತ್ತಾರೆ. ಕೈಗೆ ಗ್ರೀಸ್ ಹತ್ತಿಸಿಕೊಳ್ಳುವ ಪಂಪ್ ಮೆಕ್ಯಾನಿಕ್‌ಗಳಿಗೆ ಅಲ್ಲಿ ಜಾಗವಿದೆಯೇ? ಉಗಾಂಡದ ಜಿಲ್ಲೆಗಳಲ್ಲಿ ಅವರದೇ ಸಂಘಗಳಿವೆ, ಹುಡುಕುವ ಕಷ್ಟವೂ ಇಲ್ಲ. ಹಾಗೆಯೇ, ಹೊರಗೆ ಹೋಗುವ ಪಂಪಿನ ಬಿಡಿಭಾಗಗಳನ್ನು ಯಾರು ಪರೀಕ್ಷೆ ಮಾಡುತ್ತಾರೆ ಅಂತಲೂ ಕೇಳಿ. ಉಗಾಂಡದ ನೀರಿಗೂ ಕೊಪ್ಪಳಕ್ಕೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ, ನಮ್ಮಪ್ಪ ನಮ್ಮೂರ ಪಂಚಾಯ್ತಿಯಲ್ಲಿ ನೀರಗಂಟಿ ಆಗಿದ್ದರು ಅಂತ ಹೇಳಿ. ರಿಪೇರಿ ಗಾಡಿ ಬರಲಿಲ್ಲ ಅಂತ ಜನ ಬೈಯುತ್ತಿದ್ದದ್ದು ಅವರನ್ನೇ.

ಉತ್ತರ ಬಂದರೆ ತಿಳಿಸಿ, ಪ್ರಿಂಟ್ ತೆಗೆದು ಪಾಸ್ಟರಿಗೆ ಕೊಡುತ್ತೇನೆ. ಅವರ ಗೋಡೆಯಲ್ಲಿ ಇನ್ನೂ ಜಾಗ ಇದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಸೊರೊಟಿ, ಉಗಾಂಡ