ಅಂಗಡಿ ನಮ್ಮದು, ಗೂಗಲ್‌ನ ಕೀಲಿ ಬೇರೆಯವರ ಕೈಯಲ್ಲಿ

ಸಂಪಾದಕರಿಗೆ ನಮಸ್ಕಾರ.

ಇಳಕಲ್‌ನಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ಮಾವನವರು ಶುರು ಮಾಡಿದ್ದು. ಈಗ ಅವರು, ನಮ್ಮ ಯಜಮಾನರು, ನಾನು ಮೂವರೂ ನೋಡಿಕೊಳ್ಳುತ್ತೇವೆ. ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಸೊಲ್ಲಾಪುರದ ಗಿರಾಕಿಯೊಬ್ಬರು ಮಾವನಿಗೆ ಫೋನ್ ಮಾಡಿದರು. “ಯಾಕ್ರಿ, ಅಂಗಡಿ ಬಂದ್ ಮಾಡೀರೇನು? ಗೂಗಲ್‌ನಾಗ ಕಾಯಂ ಬಂದ್ ಅಂತ ತೋರಸ್ಲತ್ತದ” ಅಂದರು. ಅವರು ಆಗಲೇ ಮನೆಮಂದಿಯನ್ನೆಲ್ಲ ಕರೆದುಕೊಂಡು, ಮಗಳ ಮದುವೆ ಜವಳಿಗೆಂದು ಹೊರಟು, ವಿಜಯಪುರ ದಾಟಿದ್ದರು. ಮಾವ ಫೋನ್ ಹಿಡಿದು ನನ್ನ ಹತ್ತಿರ ಬಂದು “ನೋಡವಾ, ಏನಿದು” ಅಂದಾಗ ಅಂಗಡಿಯಲ್ಲಿ ಗಾದಿಯ ಮೇಲೆ ಸೀರೆ ಬಿಚ್ಚಿ ಹಾಸಿತ್ತು, ನಾಲ್ಕು ಜನ ಹೆಣ್ಣುಮಕ್ಕಳು ಕೂತು ಆರಿಸುತ್ತಿದ್ದರು. ಆ ಗಿರಾಕಿ ಹಳೇ ಪರಿಚಯದವರು, ಅವರ ಹತ್ತಿರ ನಂಬರ್ ಇತ್ತು, ಕೇಳಿದರು. ನಂಬರ್ ಇಲ್ಲದ ಎಷ್ಟು ಜನ ಅದನ್ನು ನೋಡಿ ಸುಮ್ನೆ ಬೇರೆ ಕಡೆ ಹೋದರೋ ಅದರ ಲೆಕ್ಕ ನಮಗೆ ಯಾವತ್ತೂ ಸಿಗುವುದಿಲ್ಲ.

ಇದು ಹೇಗಾಯಿತು ಅಂತ ಹೇಳುತ್ತೇನೆ, ಯಾಕೆಂದರೆ ನಮ್ಮಂಥ ಸಣ್ಣ ಅಂಗಡಿಯವರಿಗೆ ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಅನ್ನುವ ಕಂಪನಿಗಳಿಂದ ವಾರಕ್ಕೆ ಒಂದಾದರೂ ಫೋನ್ ಬರುತ್ತದೆ. ಅದಕ್ಕೂ ಎರಡು ವರ್ಷ ಮುಂಚೆ ಒಂದು ಡಿಜಿಟಲ್ ಮಾರ್ಕೆಟಿಂಗ್ ಕಂಪನಿಯವರು ಫೋನ್ ಮಾಡಿದ್ದರು. “ನಿಮ್ಮ ಅಂಗಡಿಯನ್ನು ಗೂಗಲ್‌ನಲ್ಲಿ ಮೊದಲನೇ ನಂಬರಿಗೆ ತರುತ್ತೇವೆ, ಗ್ಯಾರಂಟಿ” ಅಂದರು. ವರ್ಷಕ್ಕೆ 18,000 ರೂಪಾಯಿ. ಆಗ ನಮಗೆ ಎಸ್‌ಇಒ ಅಂದರೆ ಏನು ಅಂತ ಗೊತ್ತಿರಲಿಲ್ಲ, ಅಂಗಡಿ ಗೂಗಲ್‌ನಲ್ಲಿ ಮೇಲೆ ಬರುವ ಹಾಗೆ ಮಾಡುವ ಕೆಲಸ ಅಂತ ಅವರೇ ಹೇಳಿದರು, ನಾವು ನಂಬಿ ದುಡ್ಡು ಹಾಕಿದೆವು. ಅವರು ಅಂಗಡಿಯನ್ನು ಗೂಗಲ್ ಮ್ಯಾಪಿಗೆ ಸೇರಿಸಿದರು, ವೆಬ್‌ಸೈಟ್ ಮಾಡಿದರು. ಎಲ್ಲವನ್ನೂ ಅವರ ಇಮೇಲ್‌ನಿಂದಲೇ ಮಾಡಿದರು. ವೆಬ್‌ಸೈಟಿನ ಹೆಸರನ್ನೂ ಅವರ ಹೆಸರಿನಲ್ಲೇ ಕೊಂಡರು. ಎರಡನೇ ವರ್ಷ ಮುಗಿದ ಮೇಲೆ ಇನ್ನು ಬೇಡ ಅಂದೆವು. ಅಲ್ಲಿಂದ ಫೋನ್ ಎತ್ತುವುದನ್ನೇ ಬಿಟ್ಟರು. ಆಮೇಲೆ ಈ ಬಂದ್ ಆದ ಸುದ್ದಿ.

ಬಂದ್ ಅಂತ ಹಾಕಿದ್ದು ಅವರೇ ಅಂತ ನಾನು ಹೇಳಲಾರೆ. ಗೂಗಲ್ ಮ್ಯಾಪಿನಲ್ಲಿ ಯಾವ ಅಂಗಡಿಯ ಬಗ್ಗೆ ಬೇಕಾದರೂ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಟೈಮು, ನಂಬರ್, ಮುಚ್ಚಿದೆ ಅನ್ನುವುದು, ಎಲ್ಲ. ಆದರೆ ಅದನ್ನು ಕೂಡಲೇ ಸರಿ ಮಾಡುವ ಕೀಲಿ ನಮ್ಮ ಹತ್ತಿರ ಇರಲಿಲ್ಲ ಅನ್ನುವುದೇ ನನ್ನ ಸಂಕಟ. ಬಾಡಿಗೆ ನಮ್ಮದು, ಮಾಲು ನಮ್ಮದು, ಬೋರ್ಡು ನಮ್ಮದು. ಜನ ಇವತ್ತು ಮೊದಲು ನೋಡುವ ಬೋರ್ಡು ಮಾತ್ರ ಬೇರೆಯವರ ಕೈಯಲ್ಲಿ.

ವಾಪಸ್ ಪಡೆದಿದ್ದು ಹೀಗೆ. ಮ್ಯಾಪಿನಲ್ಲಿ ನಮ್ಮ ಅಂಗಡಿ ತೆರೆದು, ಇದರ ಮಾಲೀಕರು ನಾವು ಅಂತ ನನ್ನ ಜಿಮೇಲ್‌ನಿಂದ ಕೋರಿಕೆ ಹಾಕಿದೆ. ಈಗ ಯಾರ ಕೈಯಲ್ಲಿದೆಯೋ ಅವರಿಗೆ ಉತ್ತರ ಕೊಡಲು ಮೂರು ದಿನ ಇರುತ್ತದೆ. ಅವರು ಉತ್ತರಿಸಲಿಲ್ಲ. ಆಗ ಗೂಗಲ್ ನಮಗೇ ವಿಡಿಯೋ ಮಾಡಿ ಕಳಿಸಲು ಹೇಳಿತು, ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಸಲ ತೆಗೆಯಬೇಕು. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ನಾನು ಫೋನ್ ಹಿಡಿದೆ. ಮೊದಲು ಬೀದಿ, ಪಕ್ಕದ ಅಂಗಡಿ, ನಮ್ಮ ಬೋರ್ಡು. ಆಮೇಲೆ ಮಾವ ಜೇಬಿನಿಂದ ಕೀಲಿಕೈ ತೆಗೆದು ಬೀಗ ತೆಗೆದು ಶಟರ್ ಎತ್ತಿದರು. ಒಳಗೆ ಕಪಾಟು, ಗಲ್ಲಾಪೆಟ್ಟಿಗೆ, ಗೋಡೆಗೆ ತೂಗುಹಾಕಿದ ಜಿಎಸ್‌ಟಿ ಸರ್ಟಿಫಿಕೇಟ್. ಎರಡು ನಿಮಿಷದ ವಿಡಿಯೋ. ಕೆಲವು ದಿನದಲ್ಲಿ ಲಿಸ್ಟಿಂಗ್, ಅಂದರೆ ಮ್ಯಾಪಿನಲ್ಲಿ ನಮ್ಮ ಅಂಗಡಿಯ ಹೆಸರು, ನಂಬರ್, ಟೈಮು ತೋರಿಸುವ ಪುಟ, ನಮ್ಮ ಕೈಗೆ ಬಂತು. ಒಂದು ಪೈಸೆ ಖರ್ಚಿಲ್ಲ.

ಒಳಗೆ ಹೋಗಿ ನೋಡಿದರೆ ಅಂಗಡಿಯ ಹೆಸರಿನ ಮುಂದೆ ಬೆಸ್ಟ್ ಇಳಕಲ್ ಸ್ಯಾರಿ ಶಾಪ್, ಹೋಲ್‌ಸೇಲ್, ಚೀಪ್ ರೇಟ್ ಅಂತೆಲ್ಲ ಸೇರಿಸಿದ್ದರು. ಬೋರ್ಡಿನ ಮೇಲೆ ಯಾವ ಹೆಸರಿದೆಯೋ ಅದನ್ನೇ ಹಾಕಬೇಕು ಅನ್ನುವುದು ಗೂಗಲ್‌ನ ನಿಯಮ. ಹೀಗೆ ತುರುಕಿದರೆ ಲಿಸ್ಟಿಂಗ್ ಅಮಾನತ್ತಾಗಬಹುದು. ಇನ್ನು ರಿವ್ಯೂಗಳು. ನಮ್ಮ ಊರು ನೋಡದ, ನಮ್ಮ ಸೀರೆ ಮುಟ್ಟದ ಹೆಸರುಗಳಿಂದ ಐದೈದು ಸ್ಟಾರ್, ಎಲ್ಲದರಲ್ಲೂ ಒಂದೇ ಥರದ ಮಾತು. ಅದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ನಲವತ್ತು ವರ್ಷ ನ್ಯಾಯವಾಗಿ ವ್ಯಾಪಾರ ಮಾಡಿದ ಮಾವನ ಹೆಸರಿನ ಕೆಳಗೆ ಸುಳ್ಳು ಸಾಕ್ಷಿ ಬರೆಸಿಟ್ಟ ಹಾಗಿತ್ತು. ದುಡ್ಡು ಕೊಟ್ಟೋ ಡಿಸ್ಕೌಂಟ್ ಕೊಟ್ಟೋ ರಿವ್ಯೂ ಬರೆಸುವುದನ್ನು ಗೂಗಲ್ ಒಪ್ಪುವುದಿಲ್ಲ. ನಮ್ಮ ದೇಶದಲ್ಲೂ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದವರು ಆನ್‌ಲೈನ್ ರಿವ್ಯೂಗಳಿಗಾಗಿಯೇ 2022ರಲ್ಲಿ ಐಎಸ್ 19000 ಅನ್ನುವ ಮಾನದಂಡ ತಂದಿದ್ದಾರೆ. ಈಗ ನಾನು ಸೀರೆ ಕೊಂಡವರಿಗೆ ಬಿಲ್ ಕೊಡುವಾಗ ಒಂದೇ ಮಾತು ಹೇಳುತ್ತೇನೆ: ನಿಮಗೆ ಹೇಗೆ ಅನ್ನಿಸಿತೋ ಹಾಗೇ ಬರೀರಿ, ಕನ್ನಡದಲ್ಲೇ ಬರೀರಿ. ತಿಂಗಳಿಗೆ ನಾಲ್ಕೈದು ಬರುತ್ತವೆ. ಒಬ್ಬರು ಬಣ್ಣ ಬಿಟ್ಟಿತು ಅಂತಲೂ ಬರೆದರು. ಅವರಿಗೆ ಅಲ್ಲೇ ಉತ್ತರ ಬರೆದು, ಸೀರೆ ಬದಲಿಸಿ ಕೊಟ್ಟೆವು.

ಆ ಗ್ಯಾರಂಟಿಯ ಮಾತಿಗೂ ಬರುತ್ತೇನೆ. ಮೊದಲನೇ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್‌ನವರೇ ಬರೆದಿದ್ದಾರೆ. ಊರಿನ ಅಂಗಡಿಗಳನ್ನು ತೋರಿಸುವಾಗ ಅವರು ಮುಖ್ಯವಾಗಿ ನೋಡುವುದು ಮೂರು: ಹುಡುಕಿದ ಮಾತಿಗೂ ಅಂಗಡಿಗೂ ಎಷ್ಟು ಹೊಂದುತ್ತದೆ, ಹುಡುಕುವವರಿಂದ ಅಂಗಡಿ ಎಷ್ಟು ದೂರ, ಅಂಗಡಿಗೆ ಎಷ್ಟು ಹೆಸರಿದೆ. ಇದರಲ್ಲಿ ದುಡ್ಡು ಕೊಟ್ಟು ಮೇಲೆ ಹೋಗಲು ದಾರಿಯೇ ಇಲ್ಲ. ದುಡ್ಡು ಕೊಟ್ಟು ಹಾಕುವುದು ಜಾಹೀರಾತು, ಅದು ಬೇರೆ, ಅದರ ಮೇಲೆ ಪ್ರಾಯೋಜಿತ ಅಂತ ಬರೆದೇ ಇರುತ್ತದೆ. ಎರಡನ್ನೂ ಕಲಸಿ ಮಾರುವುದರಿಂದಲೇ ನಮ್ಮಂಥವರು ಮೋಸ ಹೋಗುವುದು.

ಹಾಗಾದರೆ ನಮ್ಮ ಕೈಯಲ್ಲಿ ಏನಿದೆ? ಮೊದಲನೆಯದು, ಮಾತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಲಿಸ್ಟಿಂಗ್ ಕೈಗೆ ಬಂದ ಮೇಲೆ, ಜನ ಏನು ಟೈಪ್ ಮಾಡಿ ನಮ್ಮ ಅಂಗಡಿಗೆ ಬಂದರು ಅಂತ ಅದರಲ್ಲೇ ನೋಡಲು ಸಿಕ್ಕಿತು. ನೋಡಿದರೆ ಸುಮಾರು ಜನ ಇಳಕಲ್ ಅಂತ ಹುಡುಕಿಯೇ ಇಲ್ಲ, ಇರಕಲ್ ಅಂತ ಹುಡುಕಿದ್ದಾರೆ! ಮಹಾರಾಷ್ಟ್ರದವರು ನಮ್ಮ ಸೀರೆಯನ್ನು ಕರೆಯುವುದೇ ಇರಕಲ್ ಅಂತ. ಸೊಲ್ಲಾಪುರ, ಕೊಲ್ಲಾಪುರ, ಪುಣೆಯ ಗಿರಾಕಿ ಮಾವನ ಕಾಲದಿಂದಲೂ ಅಂಗಡಿಗೆ ಬಂದು ಇರಕಲ್ ದ್ಯಾ ಅನ್ನುತ್ತಾರೆ, ನಾವು ದಿನಾ ಕೇಳುತ್ತೇವೆ, ಆದರೆ ನಮ್ಮ ವೆಬ್‌ಸೈಟಿನಲ್ಲಿ ಆ ಪದ ಒಂದು ಕಡೆಯೂ ಇರಲಿಲ್ಲ. ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರನ್ನೇ ಜನ ಮೂರು ನಾಲ್ಕು ಥರ ಬರೆಯುತ್ತಾರೆ. ಗುಳೇದಗುಡ್ಡದ ಖಣಕ್ಕೆ ನಾವು ಖಣ ಅನ್ನುತ್ತೇವೆ, ಮಹಾರಾಷ್ಟ್ರದವರು ಖಣ್ ಅನ್ನುತ್ತಾರೆ, ಬೆಂಗಳೂರಿನ ಹುಡುಗಿಯರು ಖಣ ಬ್ಲೌಸ್ ಪೀಸ್ ಅಂತ ಹುಡುಕುತ್ತಾರೆ. ಇದನ್ನು ಯಾವ ಕಂಪನಿಯವರು ನಮಗಿಂತ ಚೆನ್ನಾಗಿ ಹೇಳಬಲ್ಲರು? ಗಿರಾಕಿಯ ಬಾಯಲ್ಲಿ ಬರುವ ಮಾತು ಗೊತ್ತಿರುವುದು ಗಲ್ಲಾದ ಹಿಂದೆ ಕೂತವರಿಗೆ, ಅಲ್ವಾ?

ಇನ್ನೊಂದು, ನಮ್ಮ ಕನ್ನಡದ್ದೇ ತೊಂದರೆ. ಆ ಕಂಪನಿಯವರು ವೆಬ್‌ಸೈಟಿಗೆ ನಮ್ಮ ಹಳೇ ಪಾಂಪ್ಲೆಟ್ಟಿನ ಮ್ಯಾಟರ್ ಕೇಳಿದ್ದರು. ಡಿಟಿಪಿ ಅಂಗಡಿಯವರು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನೇ ಕಳಿಸಿದೆವು. ಅದನ್ನು ವೆಬ್‌ಸೈಟಿಗೆ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಏನೇನೋ ಚಿಹ್ನೆಗಳು ಬಂದವು. ಆಗ ಅವರು ಮಾಡಿದ್ದು ಏನು ಗೊತ್ತಾ, ಇಡೀ ಪಾಂಪ್ಲೆಟ್ಟನ್ನು ಒಂದು ಫೋಟೋ ಮಾಡಿ ಅಂಟಿಸಿಬಿಟ್ಟರು. ನಮ್ಮ ಕಣ್ಣಿಗೆ ಚಂದವಾಗೇ ಕಾಣುತ್ತಿತ್ತು. ಆದರೆ ಹುಡುಕುವ ಯಂತ್ರ ಓದುವುದು ಅಕ್ಷರವನ್ನು, ಫೋಟೋದೊಳಗಿನ ಬರಹವನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಎರಡು ವರ್ಷ ನಮ್ಮ ವೆಬ್‌ಸೈಟಿನಲ್ಲಿ ಗೂಗಲ್ ಓದಬಹುದಾದ ಕನ್ನಡ ಒಂದು ಸಾಲೂ ಇರಲಿಲ್ಲ ಅಂತ ಗೊತ್ತಾದಾಗ ತಲೆ ಮೇಲೆ ಕೈ ಹೊತ್ತು ಕೂತೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಬರುವುದೇ ಯೂನಿಕೋಡ್, ವಾಟ್ಸ್ಆ್ಯಪ್‌ನಲ್ಲಿ ಬರೆಯುವ ಹಾಗೇ ಬರೆದರೆ ಸಾಕು.

ನಾನು ಹಾಗೇ ಬರೆದೆ. ಟೋಪ್ ತೆನಿ ಸೆರಗು ಅಂದರೇನು, ಚಿಕ್ಕಿ ದಡ ಹೇಗಿರುತ್ತದೆ, ಗೋಮಿ ದಡ ಹೇಗಿರುತ್ತದೆ, ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವುದು ಹೇಗೆ, ಆ ಜೋಡಣೆಯನ್ನು ಸೀರೆ ತಿರುವಿ ಹಾಕಿ ನೋಡುವುದು ಹೇಗೆ. ನಮಗೆ ನೇಯ್ದು ಕೊಡುವ ಅಮ್ಮನ ಮಗ್ಗದ ಮುಂದೆ ಕೂತು ಅವರ ಬೆರಳಿನ ಹತ್ತಿರ ಫೋನ್ ಹಿಡಿದು ಫೋಟೋ ತೆಗೆದೆ. ಪ್ರತಿ ಫೋಟೋದ ಕೆಳಗೆ ಅದೇನು ಅಂತ ಒಂದು ಸಾಲು ಬರೆದೆ. ನಮ್ಮ ಸೀರೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಸೀರೆ ಅನ್ನುವ ಸರ್ಕಾರದ ಗುರುತು ಇದೆ, ಆದರೂ ಮೊಬೈಲ್‌ನಲ್ಲಿ ಇಳಕಲ್ ಸೀರೆ ಅಂತ ಹುಡುಕಿದರೆ ದೊಡ್ಡ ದೊಡ್ಡ ಮಾರಾಟದ ಸೈಟುಗಳೇ ಮೊದಲು ಬರುತ್ತವೆ, ಅಲ್ಲಿ ಪವರ್‌ಲೂಮಿನ ಮಾಲೂ ಅದೇ ಹೆಸರಿನಲ್ಲಿ ಇರುತ್ತದೆ. ಆ ಸೈಟುಗಳ ಜೊತೆ ಬೆಲೆಯಲ್ಲಿ ನಾವು ಜಗ್ಗಾಡಲು ಆಗುವುದಿಲ್ಲ. ಆದರೆ ನಿಜವಾದ ಕೈಮಗ್ಗದ ಸೀರೆ ಗುರುತಿಸುವುದು ಹೇಗೆ ಅಂತ ಕೇಳುವವರಿಗೆ ಉತ್ತರ ನಮ್ಮ ಹತ್ತಿರ ಇದೆ. ಈಗ ಬರುವ ಫೋನ್‌ಗಳಲ್ಲಿ ಕೆಲವರು ಆ ಬರಹ ಓದಿಯೇ ಮಾಡುತ್ತಾರೆ. ತುಂಬ ಜನ ಅಂತಲ್ಲ. ಆದರೆ ಅವರು ರೇಟ್ ಕೇಳಿ ಫೋನ್ ಇಡುವವರಲ್ಲ, ಸೀರೆ ಬಗ್ಗೆ ಕೇಳುವವರು. ನೇಯ್ದ ಆ ಅಮ್ಮನಿಗೂ ಇದರಿಂದ ನಾಲ್ಕು ಸೀರೆ ಜಾಸ್ತಿ ಕೆಲಸ ಸಿಕ್ಕರೆ ನನಗೆ ಅದಕ್ಕಿಂತ ದೊಡ್ಡ ಸಮಾಧಾನ ಇಲ್ಲ.

ವೆಬ್‌ಸೈಟೇ ಇಲ್ಲದವರು ಗಾಬರಿಯಾಗಬೇಡಿ. ಮೊದಲು ಮ್ಯಾಪಿನ ಲಿಸ್ಟಿಂಗ್ ಸರಿ ಮಾಡಿಕೊಳ್ಳಿ: ಸರಿಯಾದ ನಂಬರ್, ಟೈಮು, ವಾರದ ರಜೆ, ಹಬ್ಬದ ರಜೆ, ಇತ್ತೀಚಿನ ಫೋಟೋ. ಇದೆಲ್ಲ ಪುಕ್ಕಟೆ. ಮುಂಚೆ ಗೂಗಲ್‌ನವರೇ ಲಿಸ್ಟಿಂಗ್ ಜೊತೆ ಒಂದು ಪುಟ್ಟ ವೆಬ್‌ಸೈಟ್ ಕೊಡುತ್ತಿದ್ದರು, 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದರು. ಅದನ್ನೇ ನಂಬಿಕೊಂಡಿದ್ದ ಸಣ್ಣ ಅಂಗಡಿಗಳ ವಿಳಾಸ ಅಲ್ಲಿಗೆ ಮುಗಿಯಿತು. ಅದಕ್ಕೇ ವೆಬ್‌ಸೈಟ್ ಮಾಡಿಸಿದರೆ ಅದರ ಹೆಸರು ನಿಮ್ಮ ಹೆಸರಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ ಅಂತ ಕೈ ಮುಗಿದು ಹೇಳುತ್ತೇನೆ. ನಮ್ಮ ವೆಬ್‌ಸೈಟಿನ ಹಳೇ ಹೆಸರು ನಮಗೆ ಇವತ್ತಿಗೂ ಸಿಕ್ಕಿಲ್ಲ. ಪಾಂಪ್ಲೆಟ್, ಚೀಲ, ಬಿಲ್ ಪುಸ್ತಕ ಎಲ್ಲದರ ಮೇಲೂ ಅದೇ ಹೆಸರು ಅಚ್ಚಾಗಿತ್ತು. ಹೊಸ ಹೆಸರು ಕೊಂಡು ಎಲ್ಲ ಮತ್ತೆ ಅಚ್ಚು ಹಾಕಿಸಿದೆವು.

ಈ ಕೆಲಸ ಮಾಡುವವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ನಮ್ಮ ಈಗಿನ ವೆಬ್‌ಸೈಟ್ ಮಾಡಿಕೊಟ್ಟಿದ್ದು ಹುಬ್ಬಳ್ಳಿಯ ಒಬ್ಬ ಹುಡುಗ. ಮೊದಲ ದಿನವೇ “ಅಕ್ಕಾರ, ಮಾಲೀಕರು ನೀವೇ ಇರ್ರಿ, ನನ್ನ ಮ್ಯಾನೇಜರ್ ಮಾಡ್ರಿ ಸಾಕು, ಕೆಲಸ ಮುಗದ ಮ್ಯಾಲೆ ತಗದ ಹಾಕ್ರಿ” ಅಂದ. ಲಿಸ್ಟಿಂಗ್‌ನಲ್ಲಿ ಮಾಲೀಕ ಬೇರೆ, ಮ್ಯಾನೇಜರ್ ಬೇರೆ ಅಂತ ವ್ಯವಸ್ಥೆಯೇ ಇದೆ ಅನ್ನುವುದು ನನಗೆ ಗೊತ್ತಾಗಿದ್ದೇ ಆ ಹುಡುಗನಿಂದ. ದುಡ್ಡು ಕೊಡುವ ಮುಂಚೆ ಇದೊಂದನ್ನು ಕೇಳಿ ನೋಡಿ. ಮಾಲೀಕತ್ವ ನಿಮ್ಮ ಇಮೇಲ್‌ಗೆ ಕೊಡಲು ಹಿಂದೆ ಮುಂದೆ ನೋಡುವವರಿಗೆ ಕೆಲಸ ಕೊಡಲೇಬೇಡಿ.

ಈಗ ನನ್ನ ಕೋರಿಕೆ. ಜಿಲ್ಲಾ ಕೈಗಾರಿಕಾ ಕೇಂದ್ರದವರು, ಕೈಮಗ್ಗ ಮತ್ತು ಜವಳಿ ಇಲಾಖೆಯವರು ತರಬೇತಿ ನಡೆಸುತ್ತಾರೆ. ಅದರಲ್ಲಿ ಇದಕ್ಕೂ ಒಂದು ದಿನ ಇಡಲಿ, ಕನ್ನಡದಲ್ಲೇ ಹೇಳಲಿ. ಪರದೆ ಮೇಲೆ ಚಿತ್ರ ತೋರಿಸಿ ಚಹಾ ಕುಡಿಸಿ ಕಳಿಸುವ ಶಿಬಿರ ಬೇಡ. ಅಂಗಡಿಯವರು, ನೇಕಾರರು ತಮ್ಮ ಫೋನ್ ತೆಗೆದುಕೊಂಡು ಬರಲಿ, ಸಂಜೆ ಮನೆಗೆ ಹೋಗುವಾಗ ಅವರ ಲಿಸ್ಟಿಂಗ್ ಅವರ ಇಮೇಲ್‌ನಲ್ಲಿ ಇರಬೇಕು, ಅಷ್ಟೇ. ಬಾದಾಮಿ, ಗುಳೇದಗುಡ್ಡ, ರಬಕವಿ, ಬನಹಟ್ಟಿ ಕಡೆಯೂ ಮಾಡಲಿ. ಮತ್ತೆ ನಿಮ್ಮ ಪತ್ರಿಕೆಗೂ ಒಂದು ಮಾತು. ಷೇರು ಪೇಟೆಗೆ ದಿನಾ ಜಾಗ ಕೊಡುತ್ತೀರಿ, ವಾರಕ್ಕೊಂದು ಸಲ ಸಣ್ಣ ಅಂಗಡಿಯವರಿಗೆ ಕಾಲು ಪುಟ ಕೊಡಿ. ಲಿಸ್ಟಿಂಗ್ ವಾಪಸ್ ಪಡೆಯುವುದು ಹೇಗೆ, ಸುಳ್ಳು ರಿವ್ಯೂ ಬಂದರೆ ದೂರು ಕೊಡುವುದು ಹೇಗೆ, ಇಂಥದ್ದನ್ನು ಬಲ್ಲವರಿಂದ ಬರೆಸಿ. ಬನಶಂಕರಿ ಜಾತ್ರೆಗೆ ಬರುವ ಜನ ಹಾಗೇ ಇಳಕಲ್‌ಗೂ ಬಂದು ಸೀರೆ ಕೊಂಡು ಹೋಗುತ್ತಾರೆ. ಅದರೊಳಗೆ ಶುರುವಾದರೆ ಈ ಸೀಜನ್ನಿಗೇ ನಮಗೆ ಉಪಯೋಗಕ್ಕೆ ಬರುತ್ತದೆ.

ಸೀರೆ ಅಂಗಡಿಯ ಸೊಸೆ,
ಇಳಕಲ್, ಬಾಗಲಕೋಟೆ ಜಿಲ್ಲೆ