ಶ್ರುತಿ ತಪ್ಪದ ಹುಡುಗಿಯನ್ನೇ ಮನೆಗೆ ಕಳಿಸಿದರು

ಮಾನ್ಯ ಸಂಪಾದಕರೇ,

ನಮ್ಮ ಊರಿನ ಹುಡುಗಿ ಟಿವಿಯ ಹಾಡಿನ ಸ್ಪರ್ಧೆಯಿಂದ ಹೊರಬಿದ್ದ ಸುದ್ದಿಯನ್ನು ಸೋಮವಾರ ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಪ್ರೇಕ್ಷಕರ ಮತ ಕಡಿಮೆ ಬಂತು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮತ ಯಾಕೆ ಕಡಿಮೆ ಬಂತು ಅಂತ ನಿಮ್ಮ ವರದಿಗಾರರು ನಮ್ಮ ಓಣಿಗೆ ಬಂದು ಒಂದು ಮಾತು ಕೇಳಿದ್ದರೆ ನಾವೇ ಹೇಳುತ್ತಿದ್ದೆವು. ನನಗಂತೂ ಇನ್ನೂ ಸಿಟ್ಟು ಇಳಿದಿಲ್ಲ.

ಮೊದಲು ಹಾಡಿನ ವಿಷಯ. ಆ ಹುಡುಗಿಗೆ ಈ ವಾರ ಕೊಟ್ಟಿದ್ದು ಗಂಡಸರು ಹಾಡಿದ ಹಳೆಯ ಸಿನಿಮಾ ಹಾಡು. ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಶ್ರುತಿಯನ್ನೂ, ಅಂದರೆ ಹಾಡಿನ ಆಧಾರ ಸ್ವರವನ್ನೂ, ಗಂಡಸಿನದ್ದೇ ಇಟ್ಟರು. ಪಲ್ಲವಿಯ ಮೊದಲ ಸಾಲು ಮಂದ್ರಕ್ಕೆ, ಅಂದರೆ ತೀರಾ ತಗ್ಗಿನ ಸ್ವರಕ್ಕೆ, ಇಳಿಯುತ್ತದೆ. ಅಲ್ಲಿ ಅವಳ ದನಿ ಕೇಳಿಸಲೇ ಇಲ್ಲ, ಬರೀ ಉಸಿರು ಕೇಳಿಸಿತು. ಚರಣದಲ್ಲಿ ಹಾಡು ಮೇಲೆ ಹೋದಾಗ ನೋಡಬೇಕಿತ್ತು. ತಾರದ ಷಡ್ಜ, ಅಂದರೆ ಮೇಲಿನ 'ಸ' ಮುಟ್ಟಿ ಅಲುಗಾಡದೆ ನಿಂತಳು. ಒಂದು ಕಡೆಯೂ ಅಪಸ್ವರ ಇಲ್ಲ. ಅದಾದ ಮೇಲೆ ತೀರ್ಪುಗಾರರು ಏನು ಹೇಳಿದರು? "ಎನರ್ಜಿ ಸಾಲದು." ಎಲ್ಲಿಂದ ಬರಬೇಕು ಎನರ್ಜಿ? ಕೀಬೋರ್ಡಿನಲ್ಲಿ ಒಂದು ಬಟನ್ ಒತ್ತಿದರೆ ಶ್ರುತಿ ಬದಲಾಗುತ್ತದೆ. ಕೊಳಲಿನವರು ಬೇರೆ ಕೊಳಲು ಎತ್ತಿಕೊಂಡರೆ ಸಾಕು. ನಮ್ಮ ಗುಡಿಯ ಭಜನೆಯಲ್ಲಿ ಗಂಡಸರು ಎದ್ದು ಹೆಂಗಸರು ಹಾಡಲು ಕೂತರೆ, ಪೇಟಿ ನುಡಿಸುವ ಹಿರಿಯರು "ಯಾವ ಪಟ್ಟಿ ಹಿಡೀಲಿ ಅಕ್ಕಾ?" ಅಂತ ಶ್ರುತಿ ಕೇಳಿಯೇ ಬೆರಳು ಇಡುತ್ತಾರೆ. ಅಷ್ಟು ದೊಡ್ಡ ವೇದಿಕೆ, ಅಷ್ಟು ಮಂದಿ ವಾದ್ಯದವರು, ಅಷ್ಟೊಂದು ಲೈಟು! ಅಲ್ಲಿ ಇದನ್ನು ಕೇಳುವವರು ಒಬ್ಬರೂ ಇಲ್ಲವೇ?

ಅದೇ ಕಂತಿನಲ್ಲಿ ಬೆಂಗಳೂರಿನ ಆ ಹುಡುಗ ಕುಣಿಯುತ್ತಾ ಹಾಡಿದ. ಎರಡನೇ ಚರಣವನ್ನು ತಾಳಕ್ಕಿಂತ ಮುಂಚೆಯೇ ಎತ್ತಿದ. ತಬಲಾದವರು ಪಾಪ ಅವನ ಹಿಂದೆ ಓಡಿ ಕೂಡಿಸಿಕೊಂಡರು. ಕಿವಿ ಇದ್ದವರಿಗೆಲ್ಲ ಗೊತ್ತಾಯಿತು. ತೀರ್ಪುಗಾರರು ಮಾತ್ರ ಎದ್ದು ನಿಂತು ಸೀಟಿ ಹೊಡೆದರು. ಹುಡುಗ ಕೆಟ್ಟವನಲ್ಲ, ಗಂಟಲೂ ಗಟ್ಟಿಯಾಗಿದೆ. ತಪ್ಪನ್ನು ತಪ್ಪು ಅಂತ ಹೇಳಿದರೆ ಅವನಿಗೇ ಒಳ್ಳೆಯದು, ಅಲ್ವಾ?

ಚಾಮರಾಜನಗರ ಕಡೆಯ ಹುಡುಗನ ಹಾಡು ನನಗೆ ತುಂಬಾ ಇಷ್ಟ. ಮೊದಲ ವಾರ ಕಂಸಾಳೆ ಹಿಡಿದು ಮಾದೇಶ್ವರನ ಪದ ಹಾಡಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತರು. ಎರಡನೇ ವಾರಕ್ಕೆ ಅವನ ಕೈಯಿಂದ ಕಂಸಾಳೆ ಕಿತ್ತುಕೊಂಡು, ಹೊಳೆಯುವ ಕೋಟು ಹಾಕಿಸಿ, ನಡುವೆ ಇಂಗ್ಲಿಷ್ ರ‍್ಯಾಪ್ ತುರುಕಿದರು. ಹುಡುಗನ ಮುಖದಲ್ಲಿ ಸಂಕಟ ಎದ್ದು ಕಾಣುತ್ತಿತ್ತು. "ವರ್ಸಟಿಲಿಟಿ ಬೇಕು" ಅಂತೆ. ಎಲ್ಲರೂ ಎಲ್ಲವನ್ನೂ ಹಾಡಬೇಕು ಅನ್ನುವ ಕಾನೂನು ಯಾರು ಮಾಡಿದರು?

ಮತ್ತೆ ಆ ಚಿಕ್ಕ ಹುಡುಗ. ದೊಡ್ಡವರು ಹಾಡುವ ಪ್ರೇಮಗೀತೆಯನ್ನು ಅವನಿಂದ ಹಾಡಿಸಿ, "ಯಾರಪ್ಪಾ ನಿನ್ನ ಹುಡುಗಿ?" ಅಂತ ನಿರೂಪಕಿ ಕೇಳಿ ನಗುತ್ತಾರೆ. ಮಗುವಿನ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮದಲ್ಲಿ ಸ್ಪಷ್ಟವಾಗಿದೆ. ಮಕ್ಕಳನ್ನು ಇಂಥ ಕಾರ್ಯಕ್ರಮಕ್ಕೆ ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವ ಹಾಗಿಲ್ಲ. ವಿಶ್ರಾಂತಿ ಕೊಡದೆ ಒಂದೇ ಸಮ 3 ಗಂಟೆ ದಾಟುವ ಹಾಗಿಲ್ಲ. ಜಿಲ್ಲಾಧಿಕಾರಿಯ ಅನುಮತಿ ಬೇಕು. ಗಳಿಕೆಯಲ್ಲಿ ಶೇ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಬೇಕು. ಶೂಟಿಂಗ್ ಜಾಗಕ್ಕೆ ಹೋಗಿ ಇದನ್ನೆಲ್ಲ ನೋಡಬೇಕಾದ ಅಧಿಕಾರಿಗಳು ಎಲ್ಲಿದ್ದಾರೆ? ಫೈನಲ್ ದಿನ ಮುಂದಿನ ಸಾಲಿನ ಸೋಫಾದ ಮೇಲೆ ಕೂರಲು ಮಾತ್ರ ತಪ್ಪದೆ ಬರುತ್ತಾರೆ.

ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 'ಎದೆ ತುಂಬಿ ಹಾಡುವೆನು' ನಡೆಸುತ್ತಿದ್ದ ಕಾಲವನ್ನು ನೋಡಿದವರು ನಾವು. ಅವರ ಮನೆಮಾತು ತೆಲುಗು. ಆದರೂ ಕನ್ನಡದ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಬಿಡುತ್ತಿರಲಿಲ್ಲ. ಮಕ್ಕಳು ಎಡವಿದರೆ ತಾವೇ ಆ ಸಾಲು ಹಾಡಿ ತೋರಿಸುತ್ತಿದ್ದರು. ಬೈಗುಳ ಇಲ್ಲ, ಸುಳ್ಳು ಹೊಗಳಿಕೆಯೂ ಇಲ್ಲ. ಮಗು ಏನೋ ಕಲಿತು ಹೋಗುತ್ತಿತ್ತು, ಮನೆಯಲ್ಲಿ ಕೂತ ನಾವೂ ಕಲಿಯುತ್ತಿದ್ದೆವು. ಈಗ ಹಾಡು ನಾಲ್ಕು ನಿಮಿಷ, ಅದಕ್ಕಿಂತ ಮುಂಚೆ ಅಳು. ಅಪ್ಪನ ಆಟೋ, ಅಮ್ಮನ ಹೊಲಿಗೆ ಮಷಿನ್, ಹಿಂದೆ ಪಿಟೀಲು. ಬಡತನ ಸುಳ್ಳಲ್ಲ, ಆ ತಂದೆತಾಯಿಯ ಕಷ್ಟಕ್ಕೆ ಕೈ ಮುಗಿಯುತ್ತೇನೆ. ಅದನ್ನು ಕ್ಯಾಮೆರಾ ಮುಂದೆ ಹಿಂಡಿ ಹಿಂಡಿ ತೋರಿಸುವುದು ಯಾವ ನ್ಯಾಯ? ನಮ್ಮ ಹುಡುಗಿಯ ತಾಯಿ ನಮ್ಮ ಓಣಿಯವರೇ. ಅವರು ಅಳಲಿಲ್ಲ. "ಅವಳು ಚೆನ್ನಾಗಿ ಕಲೀಲಿ" ಅಂತ ಹೇಳಿ ಸುಮ್ಮನಾದರು. ಅಂಥ ತಾಯಿಯ ಮಗಳಿಗೆ ಅಲ್ಲಿ ಜಾಗವಿಲ್ಲ.

ಇನ್ನು ಮತದ ವಿಷಯ. ಭಾನುವಾರ ಮತ ಹಾಕಲು ಬಿಟ್ಟಿದ್ದೇ ರಾತ್ರಿ ಸ್ವಲ್ಪ ಹೊತ್ತು. ಅದೇ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ವಾರವೆಲ್ಲ ಬಿಟ್ಟು ಅದೊಂದೇ ಮುಹೂರ್ತ ಸಿಕ್ಕಿತಾ ಕರೆಂಟಿನವರಿಗೆ? ಟಿವಿ ಹೋಯಿತು, ವೈಫೈ ಹೋಯಿತು. ಮೊಬೈಲಿನಲ್ಲಿ ಹಾಕೋಣ ಅಂದರೆ ಸಿಗ್ನಲ್ ಇಲ್ಲ. ಆ್ಯಪ್ ತೆರೆದರೆ ಓಟಿಪಿ ಬರಲಿಲ್ಲ. ಬಂದಾಗ ಅದರ ಸಮಯ ಮುಗಿದಿತ್ತು. ನಮ್ಮವರು ಟೆರೇಸ್ ಮೇಲೆ ಹತ್ತಿ ಮೊಬೈಲ್ ಎತ್ತಿ ಹಿಡಿದು ನಿಂತರು. ಪಕ್ಕದ ಮನೆಯ ಕಾಕಾ, ವಯಸ್ಸಾದವರು, ಕತ್ತಲಲ್ಲಿ ಮೆಟ್ಟಿಲಿಳಿದು ನಮ್ಮ ಮನೆಗೆ ಬಂದು "ನನ್ನದೂ ಒಂದು ಓಟು ಹಾಕವ್ವಾ" ಅಂತ ಫೋನ್ ಕೊಟ್ಟರು. ಅದೂ ಆಗಲಿಲ್ಲ. ಕರೆಂಟಿನ ಕಚೇರಿಗೆ ಫೋನ್ ಮಾಡಿದರೆ ರಿಸೀವರ್ ಎತ್ತಿಟ್ಟಿದ್ದಾರೆ. ಲೈನ್‌ಮನ್ ಮಾತ್ರ ಪಾಪ ಎತ್ತಿದರು. "ಅಕ್ಕಾರ, ಮ್ಯಾಲಿಂದನ ಹೋಗೇತ್ರಿ, ನಾ ಏನ್ ಮಾಡ್ಲಿ" ಅಂದರು. ಮೇಲಿನವರನ್ನು ಕೇಳುವವರು ಯಾರು? ಕತ್ತಲಲ್ಲೇ ನಲ್ಲಿಗೆ ನೀರು ಬೇರೆ ಬಿಟ್ಟರು. ಎಷ್ಟೋ ದಿನಕ್ಕೊಮ್ಮೆ ಬರುವ ನೀರು, ಬಿಡುವ ಹಾಗಿಲ್ಲ. ಮೋಟಾರ್ ಓಡದೆ, ಕೊಡ ಹಿಡಿದುಕೊಂಡು ಕೆಳಗೂ ಮೇಲೂ ಓಡಾಡಿದ್ದಾಯಿತು. ನಮ್ಮ ಬಡಾವಣೆಯಲ್ಲಿ ಎಷ್ಟು ಮನೆಯಿವೆಯೋ ಅಷ್ಟೂ ಮತ ಹೀಗೆ ಹೋದವು.

ಕರೆಂಟ್ ಬಂದಾಗ ಮುಗಿದೇ ಹೋಗಿತ್ತು, ಜಾಹೀರಾತು ಓಡುತ್ತಿತ್ತು. ಒಂದು ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವ ಹಾಗಿಲ್ಲ ಅಂತ ಕೇಬಲ್ ಟಿವಿ ನಿಯಮ ಹೇಳುತ್ತದೆ. ವೀಕ್ಷಕರ ದೂರಿಗೆ ವಾಹಿನಿ 15 ದಿನದಲ್ಲಿ ಉತ್ತರ ಕೊಡಬೇಕು ಅಂತ 2021ರಲ್ಲಿ ತಿದ್ದುಪಡಿಯೂ ಆಗಿದೆ. ಕಳೆದ ಸೀಸನ್‌ನಲ್ಲಿ ನಾನು ಬರೆದ ದೂರಿಗೆ ಇವತ್ತಿಗೂ ಉತ್ತರವಿಲ್ಲ.

ಇಷ್ಟೆಲ್ಲದರ ನಡುವೆ ನಮ್ಮ ನಾಯಕರ ಫ್ಲೆಕ್ಸ್ ಬೇರೆ. ಬಸ್ ಸ್ಟ್ಯಾಂಡ್ ಸರ್ಕಲ್‌ನಲ್ಲಿ "ನಮ್ಮೂರ ಕೋಗಿಲೆಗೆ ಮತ ನೀಡಿ" ಅಂತ ಹಾಕಿಸಿದ್ದಾರೆ. ಮೇಲೆ ಹನ್ನೆರಡು ಮುಖ, ಕೆಳಗಿನ ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಹುಡುಗಿ. ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾಗಿದ್ದು 2016ರಲ್ಲಿ. ಈ ಫ್ಲೆಕ್ಸಿನಿಂದ ತಿರುವಿನಲ್ಲಿ ಎದುರಿಗೆ ಬರುವ ಗಾಡಿ ಕಾಣುವುದಿಲ್ಲ, ನಾನು ಸ್ಕೂಟರ್‌ನಲ್ಲಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಫ್ಲೆಕ್ಸಿಗೆ ದುಡ್ಡು ಇರುವ ಇವರಿಗೆ ನಮ್ಮ ರಂಗಮಂದಿರದ ಬೀಗ ತೆಗೆಸಲು ಆಗುವುದಿಲ್ಲ. ಅದರ ಚಾವಣಿ ಸೋರುತ್ತದೆ ಅಂತ ಮುಚ್ಚಿದವರು ತಿರುಗಿ ನೋಡಿಲ್ಲ. ಹೈಸ್ಕೂಲಿನ ಸಂಗೀತ ಮೇಷ್ಟ್ರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಆ ಕೋಣೆಯಲ್ಲಿ ಈಗ ಬಿಸಿಯೂಟದ ಅಕ್ಕಿ ಮೂಟೆ ಇವೆ. ಈ ಹುಡುಗಿ ಕಲಿಯಲು ಬಸ್ ಹತ್ತಿ ಬೇರೆ ಊರಿಗೆ ಹೋಗುತ್ತಿದ್ದಳು. ಗದಗದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು, ಬಡ ಮಕ್ಕಳನ್ನು ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾಕಿ ಹಾಡು ಕಲಿಸಿದರು. ಅಂಥ ನಾಡಿನಲ್ಲಿ ಒಬ್ಬ ಸಂಗೀತ ಮೇಷ್ಟ್ರನ್ನು ಕೊಡಲು ಫೈಲು ಸರಿಯುತ್ತಿಲ್ಲ.

ಊರು ಊರು ಕಟ್ಟಿಕೊಂಡು ಮತ ಹಾಕಿದರೆ ಏನಾಗುತ್ತದೆ ಅನ್ನುವುದನ್ನೂ ದೇಶ ನೋಡಿದೆ. 2007ರ ಇಂಡಿಯನ್ ಐಡಲ್‌ನಲ್ಲಿ ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್, ಶಿಲ್ಲಾಂಗಿನ ಅಮಿತ್ ಪಾಲ್ ಇಬ್ಬರಿಗೂ ಅವರವರ ಕಡೆಯವರು ಎಸ್‌ಎಂಎಸ್ ಸುರಿಸಿದರು. ಪ್ರಶಾಂತ್ ಗೆದ್ದ ಮೇಲೆ ಒಬ್ಬ ರೇಡಿಯೋ ನಿರೂಪಕ ಆಡಿದ ಮಾತಿಗೆ ಸಿಲಿಗುರಿಯಲ್ಲಿ ಗಲಾಟೆಯಾಗಿ ಕರ್ಫ್ಯೂ ಹಾಕಬೇಕಾಯಿತು. ಹಾಡಿಗೆ ಕರ್ಫ್ಯೂ! ಅದಾದ ಮೇಲೂ ಯಾರೂ ಬುದ್ಧಿ ಕಲಿಯಲಿಲ್ಲ.

ಆದ್ದರಿಂದ ವಾಹಿನಿಯವರು ಹೊರಬಿದ್ದವರನ್ನು ಮತ್ತೆ ಸೇರಿಸಿಕೊಳ್ಳುವ ವೈಲ್ಡ್ ಕಾರ್ಡ್‌ನಲ್ಲಿ ನಮ್ಮ ಹುಡುಗಿಯನ್ನು ವಾಪಸ್ ಕರೆಸಬೇಕು, ಈ ಸಲ ಅವಳ ಪಟ್ಟಿಯಲ್ಲೇ ಹಾಡಿಸಬೇಕು. ಆಗದಿದ್ದರೆ ಈ ಮತದಾನವನ್ನೇ ನಿಲ್ಲಿಸಬೇಕು. ಭಾನುವಾರ ರಾತ್ರಿ ಕರೆಂಟ್ ತೆಗೆಯುವುದನ್ನು ಬಿಡಬೇಕು. ಆ ಫ್ಲೆಕ್ಸ್ ತೆಗೆಯಬೇಕು. ಸಂಬಂಧಪಟ್ಟವರು ಇನ್ನಾದರೂ ಎದ್ದು ಕೆಲಸ ಮಾಡಲಿ. ಸಂಬಳ ತೆಗೆದುಕೊಳ್ಳುವುದಿಲ್ಲವೇ?

– ನೊಂದ ವೀಕ್ಷಕಿ